ಬಾಲದ ಕಡೆಯಿಂದ

ಬೈತಖೋಲ ಬಂದರಿನಲ್ಲಿ
ಹಗಲೆಲ್ಲ ಬರ್ಫದ ಲೆಕ್ಕ ಬರೆಯುವ ಕೈ
ರಾತ್ರಿ ಕಬ್ಬಿಣ ಬಡಿಯುತ್ತದೆ, ಸದ್ದಿಲ್ಲದೆ.
ಕುಲುಮೆಯಿಲ್ಲ, ಇದ್ದಿಲಿಲ್ಲ,
ಹಳೆಯ ಲ್ಯಾಪ್‌ಟಾಪಿನ ತಳವೊಂದೇ
ತೊಡೆ ಸುಡುವಷ್ಟು ಬಿಸಿ.

ಆರು ತಿಂಗಳು ಹಿಡಿಯಿತು.
ಆಟವೊಂದರ ಒಳಗಿನ ಇಲ್ಲದ ರಾಜ್ಯಕ್ಕೆ, ಇಲ್ಲದ ಯುದ್ಧಕ್ಕೆ
ನಾನೊಂದು ಕವಚ ಮಾಡಿದೆ.
ಚೊಣಕ ಮೀನಿನ ಹುರುಪೆ, ಒಂದೊಂದೂ ಎಂಟಾಣೆಯಗಲ,
ಸಾವಿರದ ಇನ್ನೂರ ನಲವತ್ತು.
ಎದೆಗೆ ಏಡಿಯ ಬೆನ್ನು, ಮೊಣಕೈಗೆ ಬೆಳಚಿನ ಚಿಪ್ಪು.
ಬೆಲೆಯಿಲ್ಲ, ಬೇಕಾದವರು ತೊಟ್ಟುಕೊಳ್ಳಿ ಅಂದೆ.

ತೊಟ್ಟರು.
ತೊಟ್ಟವರು ಸುಮ್ಮನಿರುತ್ತಾರೆಯೇ?

ಬಿಲ್ಲೆಳೆದರೆ ಭುಜದ ತಟ್ಟೆ
ಕುತ್ತಿಗೆಯ ಒಳಹೊಕ್ಕು ಆಚೆ ಬರುತ್ತದೆ,
ಒಂದು ಹನಿ ನೆತ್ತರಿಲ್ಲ, ಅಂದ ಒಬ್ಬ.
ಮಳೆಯಲ್ಲಿ ಹೊಳಪು ಹೆಚ್ಚಾಯಿತು,
ಕತ್ತಲಲ್ಲಿ ಕಳ್ಳನಾಗಿ ಹೋದವ
ದೀಪಾವಳಿಯಾಗಿ ಸಿಕ್ಕಿಬಿದ್ದೆ, ಅಂದ ಇನ್ನೊಬ್ಬ.
ಹೆಂಗಸಿನ ಕವಚದಲ್ಲಿ ಹೊಟ್ಟೆ ಯಾಕೆ ಮುಚ್ಚಿದೆ
ಅಂತ ಕೇಳಿದವರು ನಾಲ್ವರು.
ಹೊಟ್ಟೆ ಇರುವುದು ಅಲ್ಲೇ, ಅದಕ್ಕೆ.

ಜೋಯಿಡಾ ಕಡೆಯವನಂತೆ, ಹೆಸರು ಕಾಡುಹಂದಿ ಎಪ್ಪತ್ತೇಳು:
ನಡೆದರೆ ಝಣಝಣ ಅನ್ನುತ್ತದೆ, ಚೆನ್ನಾಗಿದೆ,
ಆದರೆ ಪಕ್ಕದಲ್ಲಿ ಕೂಸು ಮಲಗಿರುತ್ತದೆ.
ಕಿವಿಗೆ ಹೆಡ್‌ಫೋನು ಹಾಕಿದರೆ
ಅದು ಅತ್ತದ್ದು ಕೇಳುವುದಿಲ್ಲ.
ಸದ್ದಿಲ್ಲದ್ದೊಂದು ಮಾಡಿಕೊಡು ಅಣ್ಣಾ.
ಸದ್ದು ತೆಗೆದೆ.
ಅಣ್ಣ ಅಂದದ್ದನ್ನು ತಿದ್ದಲಿಲ್ಲ.

ಮತ್ತೊಬ್ಬರು ಯುದ್ಧವನ್ನೇ ಮಾಡುವುದಿಲ್ಲವಂತೆ.
ಇದನ್ನು ತೊಟ್ಟು, ಆಟದ ಕಡಲಿನ ದಂಡೆಗೆ ಹೋಗಿ
ಬೆಳಗಿನವರೆಗೆ ನಿಂತಿರುತ್ತಾರಂತೆ.
ತೆರೆ ಬಂದಾಗ ಪಾದದ ಹುರುಪೆಯಾದರೂ ಒದ್ದೆಯಾಗಲಿ
ಅನ್ನುವುದೊಂದೇ ದೂರು.
ಹೇಗೆ ಸರಿಪಡಿಸಬೇಕೋ ತಿಳಿಯದೆ
ಅದನ್ನು ಹಾಗೇ ಇಟ್ಟುಕೊಂಡಿದ್ದೇನೆ.

ಶೇವಂತಿ ಮಾವಶಿ ಬಂದದ್ದು ಬರಿ ಬುಟ್ಟಿ ಇಟ್ಟುಹೋಗಲಿಕ್ಕೆ.
ನಲವತ್ತು ವರ್ಷ ಮಾರ್ಕೆಟ್ಟಿನಲ್ಲಿ
ಮೆಟ್ಟಗತ್ತಿಯ ಮೇಲೆ ಕೂತವಳು.
ಪರದೆಗೆ ಮೂಗು ತಂದು
ಮೀನಿನ ಕಿವಿರು ಬಿಡಿಸಿ ನೋಡುವ ಹಾಗೆ ನೋಡಿದಳು.
ತಿರುಗಿಸು ಅಂದಳು. ತಿರುಗಿಸಿದೆ.
ಇನ್ನೊಮ್ಮೆ.

"ಅಗೊ ಚೆಡುವಾ, ಇವನನ್ನು ಕೊಲ್ಲುವುದು ಸುಲಭ.
ತಲೆಯ ಕಡೆಯಿಂದ ಹೋದರೆ ಕತ್ತಿ ಜಾರುತ್ತದೆ, ಸರಿ.
ಬಾಲದ ಕಡೆಯಿಂದ ಬಾ,
ಹುರುಪೆ ತಾನೇ ಬಾಯಿ ಬಿಡುತ್ತದೆ.
ನಾನು ದಿನಾ ಮಾಡುವುದು ಅದೇ ಅಲ್ಲವೇ?
ಮೀನು ಮುಂದಕ್ಕೆ ಈಜುತ್ತದೆ, ಅದಕ್ಕೆ ಅದು ಸಾಕು.
ನಿನ್ನವನು ನಿಂತಿದ್ದಾನೆ.
ನಿಂತವನಿಗೆ ಕೆಳಗಿನಿಂದಲೂ ಬರುವವರಿರುತ್ತಾರೆ."

ಅವಳು ಹೋದ ಮೇಲೂ
ಕೋಣೆಯಲ್ಲಿ ಚೊಣಕದ ವಾಸನೆ ಉಳಿದಿತ್ತು.
ಸೊಂಟದ ಕೆಳಗಿನ ಐನೂರ ಹನ್ನೆರಡನ್ನು
ಒಂದೊಂದಾಗಿ ಕಿತ್ತು ಬುಡಮೇಲು ಹೊಲಿದೆ.
ಕೋಡಿಬಾಗದ ಕಡೆ ಮೊದಲ ದೋಣಿಯ ಇಂಜಿನ್ನು
ಕೆಮ್ಮಿದಾಗ ಮುಗಿಯಿತು.
ಕೆಳಗೆ ಬರೆದೆ: ಮೂರನೆಯ ಆವೃತ್ತಿ.
ಸಲಹೆ, ಶೇ. ತಾಂಡೇಲ, ಕಾರವಾರ.

ಮೊದಲಿನದೇ ಚೆಂದವಿತ್ತು ಅಂದರು ಹಲವರು.
ಈಗ ಈಟಿ ಒಳಗೆ ನುಗ್ಗುವುದಿಲ್ಲ, ಆದರೆ
ಕುದುರೆ ಹತ್ತಿದರೆ ಹುರುಪೆಯೆಲ್ಲ ನಿಗುರಿ
ಮುಳ್ಳುಹಂದಿಯಾಗುತ್ತೇನೆ ಅಂದ ಒಬ್ಬ.
ಈ ತಾಂಡೇಲ ಯಾರು, ಎಷ್ಟನೇ ಹಂತದಲ್ಲಿದ್ದಾರೆ,
ಅವರ ಕೂಡ ಒಂದು ಕೈ ನೋಡಬೇಕು
ಅಂದ ಇನ್ನೂ ಮೀಸೆ ಬಾರದವನೊಬ್ಬ.

ಭಾನುವಾರ ಮಾರ್ಕೆಟ್ಟಿಗೆ ಹೋದೆ.
ಮಾವಶಿಯ ಕೈಗೆ, ಮಣಿಕಟ್ಟಿನಿಂದ ಮೊಣಕೈಯವರೆಗೆ
ಹುರುಪೆ ಅಂಟಿ ಒಣಗಿತ್ತು,
ಒಂದೊಂದೂ ಒಂದೊಂದು ದಿಕ್ಕಿಗೆ.
ತಲೆಯೆತ್ತದೆ ಕೇಳಿದಳು, "ಉಳಿದನೇ ನಿನ್ನವನು?"
"ಉಳಿದ ಮಾವಶಿ.
ಕೂರಲಿಕ್ಕೆ ಬರುತ್ತಿಲ್ಲ."
"ನನಗೆ ಏಳಲಿಕ್ಕೆ," ಅಂದು
ಮಂಡಿ ನೀವಿಕೊಂಡು
ಮುಂದಿನ ಮೀನು ಎತ್ತಿಕೊಂಡಳು, ಬಾಲ ಹಿಡಿದು.